ಅಕ್ಕ ಮಾಡಿದ ಏಳು ಕರೆ

ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟೆಲಿಫೋನ್ ಆಪರೇಟರ್. ಇಪ್ಪತ್ತೆರಡು ವರ್ಷದಿಂದ ಅದೇ ಮೂಲೆ, ಅದೇ ಕುರ್ಚಿ. ಹೊರಗಿನಿಂದ ಬಂದ ಕರೆಯನ್ನು ಒಳಗಿನವರಿಗೆ ಜೋಡಿಸಿಕೊಡುವುದು ಕೆಲಸ. ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ನನ್ನ ಎರಡೂ ಕಣ್ಣು ಹೋದವು. ಮದ್ದೂರಿನಲ್ಲಿ ಮಹಡಿ ಮೇಲಿನ ಒಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಬರುತ್ತೇನೆ.

ಹೋದ ವರ್ಷ ಶ್ರಾವಣದ ಹೊತ್ತಿಗೆ ನನ್ನ ಫೋನು ತಾನಾಗಿಯೇ ಹೊಸದಾಯಿತು. ಬೆಳಿಗ್ಗೆ ಎದ್ದು ಮುಟ್ಟಿದರೆ "ಅಪ್‌ಡೇಟ್ ಪೂರ್ಣಗೊಂಡಿದೆ" ಅಂತ ಹೇಳಿತು. ಆಗಲಿ ಅಂದುಕೊಂಡು ಸ್ನಾನಕ್ಕೆ ಹೋದೆ.

ಕಣ್ಣಿಲ್ಲದವರ ಫೋನಿನಲ್ಲಿ ಸ್ಕ್ರೀನ್ ರೀಡರ್ ಎಂಬ ಒಂದು ದನಿ ಇರುತ್ತದೆ. ಪರದೆಯ ಮೇಲೆ ಬೆರಳು ಎಲ್ಲಿ ಹೋಗುತ್ತದೋ ಅಲ್ಲಿ ಏನಿದೆ ಎಂದು ಅದು ಓದಿ ಹೇಳುತ್ತದೆ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಆ ಕೆಲಸ ಆಗುತ್ತದೆ. ಕರೆ ಬಂದಾಗ ಮಾತ್ರ ಇಷ್ಟು ಹುಡುಕುವ ಕಷ್ಟ ಇರಲಿಲ್ಲ. ಎರಡು ಬೆರಳು ಸೇರಿಸಿ ಪರದೆಯ ಮೇಲೆ ಎಲ್ಲಾದರೂ ಎರಡು ಸಲ ತಟ್ಟಿದರೆ ಸಾಕು, ಫೋನು ಎತ್ತಿಕೊಳ್ಳುತ್ತಿತ್ತು. ರೈಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದರೂ ಇನ್ನೊಂದು ಕೈಯಲ್ಲಿ ಇದಾಗುತ್ತಿತ್ತು. ಹೊಸದಾದ ಮೇಲೆ ಅದು ನಿಂತುಹೋಯಿತು. ನಿಂತಿದೆ ಎಂದು ನನಗೆ ಗೊತ್ತಾದದ್ದು ಅಕ್ಕನ ಕರೆ ಬಂದಾಗ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮಳವಳ್ಳಿಯಲ್ಲಿ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಹಾಕುತ್ತಾಳೆ. ಫೋನು ಮಾಡುವುದಿದ್ದರೆ ಸಂಜೆ ಹೊತ್ತು, ಪಾತ್ರೆಯೆಲ್ಲ ತೊಳೆದು ಮನೆಗೆ ಬಂದ ಮೇಲೆ. ಅವಳ ಸಿಟ್ಟು ಹೇಗೆಂದರೆ, ಜಗಳ ಆಡುವುದಿಲ್ಲ, ಮಾತು ಬಿಟ್ಟುಬಿಡುತ್ತಾಳೆ. ಒಮ್ಮೆ ಒಂದು ಸೀರೆಯ ವಿಷಯಕ್ಕೆ ನಮ್ಮ ಭಾವನ ತಂಗಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು.

ಅವತ್ತು ಗುರುವಾರ. ಬೆಳಿಗ್ಗೆ ಹನ್ನೊಂದೂವರೆ. ಬೋರ್ಡಿನ ಮೇಲೆ ಎರಡು ಕರೆ ಕಾಯುತ್ತಿದ್ದವು. ಬ್ಯಾಗಿನೊಳಗೆ ನನ್ನ ಫೋನು ಹೊಡೆದುಕೊಂಡಿತು. ಆ ದನಿ "ಅಕ್ಕ, ಮೊಬೈಲ್, ಕರ್ನಾಟಕ, ಭಾರತ" ಅಂತ ಓದಲು ಶುರು ಮಾಡಿತು. ಈ ಹೊತ್ತಿನಲ್ಲಿ ಅಕ್ಕನ ಕರೆ ಬಂದಿದೆಯೆಂದರೆ ಏನೋ ಇದೆ ಎಂದು ಕೈ ಒರೆಸಿಕೊಂಡು ಎರಡು ಬೆರಳಿನಿಂದ ತಟ್ಟಿದೆ. ಎತ್ತಿಕೊಳ್ಳಲಿಲ್ಲ. ಮತ್ತೆ ತಟ್ಟಿದೆ. ಆ ದನಿ ಇನ್ನೂ "ಕರ್ನಾಟಕ, ಭಾರತ" ಅನ್ನುತ್ತಲೇ ಇತ್ತು. ಬೆರಳು ಜಾರಿಸಿ ಹುಡುಕಿದೆ. "ತಿರಸ್ಕರಿಸು" ಅಂದಿತು. ಅಯ್ಯೋ ಇದಲ್ಲ ಎಂದು ಬೆರಳು ಎತ್ತಿ ಪಕ್ಕಕ್ಕೆ ಇಟ್ಟು ತಟ್ಟಿದೆ. ಪಕ್ಕಕ್ಕೆ ಎಂದುಕೊಂಡದ್ದು ನಾನು, ಬೆರಳು ಹೋದದ್ದು ಅಲ್ಲಿಗೇ. ಕಟ್ಟಾಯಿತು.

ತಿರುಗಿ ನಾನೇ ಮಾಡಿದೆ. ಅವಳೂ ಅದೇ ಹೊತ್ತಿಗೆ ನನಗೆ ಮಾಡುತ್ತಿದ್ದಳು. ಅವಳದು ಬಿಜಿ ಬಂತು. ನಾನು ಇಟ್ಟ ಕೂಡಲೇ ಮತ್ತೆ ಅವಳ ಕರೆ. ಈ ಸಲ ನಿಧಾನವಾಗಿ ಹುಡುಕೋಣ ಎಂದು ಮೇಲಿಂದ ಕೆಳಕ್ಕೆ ಬೆರಳು ತಂದೆ. ಹುಡುಕುವಷ್ಟರಲ್ಲಿ ರಿಂಗು ನಿಂತಿತು. ಮೂರನೆಯ ಸಲ "ಸಂದೇಶ ಕಳುಹಿಸು" ಎಂಬುದೊಂದು ಸಿಕ್ಕಿತು. ಅದು ಏನೆಂದು ಕೇಳಿಸಿಕೊಳ್ಳುವುದರೊಳಗೆ ಬೆರಳು ತಟ್ಟಿಯಾಗಿತ್ತು. ಒಂದು ಪಟ್ಟಿ ತೆರೆದುಕೊಂಡಿತು. ಗಾಬರಿಯಲ್ಲಿ ಹಿಂದಕ್ಕೆ ಬರಲು ಹೋಗಿ ಅದರಲ್ಲೂ ಏನನ್ನೋ ತಟ್ಟಿದೆ. "ಸಂದೇಶ ಕಳುಹಿಸಲಾಗಿದೆ" ಅಂತ ದನಿ ಹೇಳಿತು. ಏನು ಕಳಿಸಿದೆ ಎಂದು ಆಮೇಲೆ ತೆರೆದು ಓದಿಸಿದರೆ, "ಈಗ ಮಾತನಾಡಲಾಗುವುದಿಲ್ಲ. ಏನು ವಿಷಯ?"

ನಮ್ಮ ಅಕ್ಕನಿಗೆ ನಾನು ಕೇಳಿದ ಹಾಗಿತ್ತು ಅದು. ಏನು ವಿಷಯ.

ನಡುವೆ ಬೋರ್ಡಿನ ಕೆಲಸ ಬಿಡುವಂತಿಲ್ಲ. ಯಾರೋ ಸಾಹೇಬರ ಲೈನು ಕೇಳುತ್ತಿದ್ದರು, ಕೊಟ್ಟೆ. ಅಷ್ಟರಲ್ಲಿ ಇನ್ನೂ ಮೂರು ಸಲ ಬಂದು ನಿಂತಿತು. ಏಳನೆಯ ಸಲ ಹೇಗೋ "ಉತ್ತರಿಸು" ಸಿಕ್ಕಿತು, ತಟ್ಟಿದೆ, ಎತ್ತಿಕೊಂಡಿತು. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅಕ್ಕ "ಅಲೋ" ಅಂದಳು. "ಅಕ್ಕ, ಯೋಳಕ್ಕ" ಅಂದೆ. ಅವಳಿಗೆ ಕೇಳಿಸಲಿಲ್ಲ. ಕೆನ್ನೆ ತಾಗಿ ಮ್ಯೂಟ್ ಬಟನ್ ಒತ್ತಿಹೋಗಿ ನನ್ನ ಕಡೆಯ ಮಾತು ಮುಚ್ಚಿಕೊಂಡಿತ್ತು. ಅದನ್ನು ಸ್ಕ್ರೀನ್ ರೀಡರ್ ಅಕ್ಕನ ಮಾತಿನ ಮೇಲೇ ಕೂಗಿ ಹೇಳಿತು. ಅದರ ಅಡಿಯಿಂದ ಅಕ್ಕ ಹೇಳಿದ್ದು ಅರ್ಧ ಕೇಳಿಸಿತು.

"ಯಾಕಮ್ಮಿ ಸುಮ್ಕಿದ್ದೀಯಾ? ಎತ್ಕೊಂಡು ಸುಮ್ಕಿರಾದಾದ್ರೆ ಯಾಕ್ ಎತ್ತುದ್ದೆ? ಬುಡು."

ಇಟ್ಟುಬಿಟ್ಟಳು. ಆಮೇಲೆ ನಾನು ಮಾಡಿದ ಯಾವ ಕರೆಯನ್ನೂ ಅವಳು ಎತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿಯ ಲೈನಿನಿಂದಲೇ ಮಾಡಿದೆ. ಗೊತ್ತಿಲ್ಲದ ನಂಬರಾದ್ದರಿಂದ ಎತ್ತಿಕೊಂಡಳು. ನನ್ನ ದನಿ ಕೇಳಿದ್ದೇ, "ನಿಂಗ್ ಆಪೀಸ್ ಕೆಲ್ಸ ಅದೆಯಲ್ಲ, ಮಾಡ್ಕೊ ಓಗು" ಅಂದು ಇಟ್ಟಳು. ಭಾವನಿಗೆ ಮಾಡಿದೆ. ಅವರು, "ಏನೂ ಯೋಳ್ತಿಲ್ಲ ಕಣವ್ವ. ನಿನ್ ಮೇಲೆ ಕ್ವಾಪ ಮಾಡ್ಕೊಂಡವ್ಳೆ. ಎರಡ್ ದಿನ ಬುಡು, ಸರಿಯಾಯ್ತಾಳೆ" ಅಂದರು.

ಪಕ್ಕದ ಟೇಬಲ್ಲಿನ ಕ್ಲರ್ಕಿಗೆ ಫೋನು ತೋರಿಸಿದೆ. ಅವರು ನೋಡಿ, "ಚೆನ್ನಾಗೇ ಇದೆಯಲ್ಲ ಮೇಡಂ. ಹಸಿರು ಬಟನ್ ಬರುತ್ತೆ, ಒತ್ತಿದ್ರಾಯ್ತು" ಅಂದರು. ಒಳ್ಳೆಯ ಮನುಷ್ಯರೇ. ಹಸಿರು ಎಲ್ಲಿದೆ ಎಂದು ಕೇಳುವ ಶಕ್ತಿ ನನಗೆ ಅವತ್ತು ಇರಲಿಲ್ಲ.

ಶುಕ್ರವಾರ ಸಂಜೆ ರೈಲು ಇಳಿದು ಮದ್ದೂರು ಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ಹತ್ತು ವರ್ಷದ ಪರಿಚಯ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ನನ್ನ ಕೋಲಿನ ಸದ್ದಿಗೇ ಎದ್ದು ಸ್ಟೂಲು ಎಳೆದು ಹಾಕುತ್ತಾರೆ.

"ಇದೇನಕ್ಕ, ಮುಟ್ಟುದ್ರೆ ಬರೀ ಮಾತಾಡ್ತದೆ, ಒಳಕ್ಕೇ ಬುಡ್ತಿಲ್ಲ" ಅಂದರು.

"ಎರಡ್ ಸಲ ತಟ್ಟಿ ಭಾಯ್."

"ತಟ್ಟುದ್ನಲ್ಲ."

ಸ್ವಲ್ಪ ಹೊತ್ತು ಒದ್ದಾಡಿ ಅವರು ಸ್ಕ್ರೀನ್ ರೀಡರನ್ನೇ ಆಫ್ ಮಾಡಿದರು. ತಮ್ಮ ಫೋನಿನಿಂದ ನನ್ನದಕ್ಕೆ ಕರೆ ಮಾಡಿ ನೋಡಿದರು. "ಎತ್ಕೋತಾ ಅದೆ. ಫೋನಲ್ಲಿ ಏನೂ ತೊಂದ್ರೆ ಇಲ್ಲಕ್ಕ" ಅಂದು ನನ್ನ ಕೈಗೆ ಕೊಟ್ಟರು. ಕೈಗೆ ಬಂದದ್ದು ಬರಿಯ ಗಾಜಿನ ಹಲಗೆ. ಮುಟ್ಟಿದರೆ ಮಾತಿಲ್ಲ.

"ನಿಮ್ಗೆ ಎತ್ಕೋತದೆ ಭಾಯ್. ನಂಗೆ ಎತ್ಕೋಬೇಕಲ್ಲ" ಅಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು.

ಅವರು ಫೋನು ವಾಪಸ್ ತೆಗೆದುಕೊಂಡರು. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡಲು ಅವರಿಗೆ ತಿಳಿಯಲಿಲ್ಲ. ನಾನು ಬಾಯಲ್ಲಿ ಹೇಳುತ್ತಾ ಹೋದೆ, ಅವರು ಹುಡುಕುತ್ತಾ ಹೋದರು. ಹೊಸದಾದ ಮೇಲೆ ಒಳಗಿನ ಹೆಸರುಗಳೆಲ್ಲ ಜಾಗ ಬದಲಾಯಿಸಿದ್ದವು. ಎರಡು ಮೂರು ಗಿರಾಕಿ ಬಂದು ಹೋದರು. ಕೊನೆಗೆ ಆ ದನಿ ಮಾತಾಡಿದಾಗ ಇಬ್ಬರೂ ಉಸಿರು ಬಿಟ್ಟೆವು. ಆಮೇಲೆ ಅವರು ಇನ್ನೊಂದು ಸಲ ತಮ್ಮ ಫೋನಿನಿಂದ ಕರೆ ಮಾಡಿದರು. ನನ್ನ ಫೋನು ಹೊಡೆದುಕೊಂಡಿತು, ಕಟ್ಟಾಯಿತು. ಮತ್ತೆ ಮಾಡಿದರು, ಮತ್ತೆ ಕಟ್ಟಾಯಿತು.

"ಕಣ್ ಮುಚ್ಕೊಂಡು ನೋಡ್ದೆ ಅಕ್ಕ" ಅಂದರು ಸಣ್ಣ ದನಿಯಲ್ಲಿ. "ನಂಗೂ ಕಟ್ಟಾಯ್ತು."

ಆ ಇಡೀ ವಾರದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ. ಒಂದು ಸಣ್ಣ ಬಟನ್ ಫೋನು ತೆಗೆದು ಕೈಗಿಟ್ಟು, "ಇದ್ನ ಇಟ್ಕಳಿ, ಇದ್ರಲ್ಲಿ ಏನೂ ಹುಡುಕೋ ಅಂಗಿಲ್ಲ" ಅಂದರು. ಬೇಡ ಅಂದೆ. ಬಟನ್ ಫೋನಿನಿಂದ ಇದಕ್ಕೆ ಬರಲು ನಾನು ಎಷ್ಟು ತಿಂಗಳು ಕಲಿತಿದ್ದೆ ಎಂದು ನನಗೆ ಮಾತ್ರ ಗೊತ್ತು. ಮೆಸೇಜು ನಾನೇ ಓದಿಕೊಳ್ಳುವುದು, ಪೇಪರು ಓದಿಸಿಕೊಳ್ಳುವುದು, ರೈಲು ಎಲ್ಲಿದೆ ಎಂದು ನೋಡುವುದು, ಎಲ್ಲ ಈ ಗಾಜಿನ ಹಲಗೆಯಿಂದ ಬಂದದ್ದು. ಹಿಂದಕ್ಕೆ ಹೋಗಲು ಮನಸ್ಸಾಗಲಿಲ್ಲ.

ಶನಿವಾರ ರಜೆ ಇತ್ತು. ಫೋನು ತಯಾರಿಸಿದ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ ಅಂದಿತು. ಒತ್ತಬೇಕಾದರೆ ಅಂಕಿಗಳ ಪಟ್ಟಿ ತೆರೆಯಬೇಕು. ತೆರೆಯಲು ಬೆರಳಾಡಿಸಿದರೆ ನನ್ನ ಸ್ಕ್ರೀನ್ ರೀಡರ್ ಒಂದು ಕಡೆ ಓದುತ್ತದೆ, ಅವರ ಯಂತ್ರ ಇನ್ನೊಂದು ಕಡೆ ಓದುತ್ತದೆ. ಎರಡು ಹೆಂಗಸರು ಒಂದೇ ಕಿವಿಯಲ್ಲಿ ಮಾತಾಡುತ್ತಿದ್ದರು. ನಾನು ಒಂದನ್ನು ಹುಡುಕುವುದರೊಳಗೆ "ನೀವು ಯಾವುದೇ ಆಯ್ಕೆ ಮಾಡಿಲ್ಲ, ಧನ್ಯವಾದ" ಎಂದು ಅವರ ಯಂತ್ರ ಇಟ್ಟುಬಿಡುತ್ತಿತ್ತು. ಹಾಸಿಗೆಯ ಮೇಲೆ ಕೂತು ಹೀಗೆ ಎಷ್ಟು ಸಲ ಮಾಡಿದೆನೋ. ಕೊನೆಗೆ ಮನುಷ್ಯರೊಬ್ಬರು ಸಿಕ್ಕರು. ತುಂಬಾ ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಮೇಡಂ, ಕರೆ ಬಂದಾಗ ಸ್ಕ್ರೀನ್ ಹೇಗೆ ಕಾಣುತ್ತೆ ಅಂತ ಒಂದು ಫೋಟೋ ತೆಗೆದು ಕಳಿಸ್ತೀರಾ?" ಎಂದು ಕೇಳಿದರು.

ಆಗಲಿ ಅಂದೆ. ಇಟ್ಟು, ಗೋಡೆಗೆ ಒರಗಿ ಕೂತೆ. ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ಕಸುವು ಬೇಕು.

ಭಾನುವಾರ ಬೆಳಿಗ್ಗೆ ಮಳವಳ್ಳಿ ಬಸ್ಸು ಹತ್ತಿದೆ. ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ಹೋಗುವವರು ತುಂಬಿದ್ದರು, ಹೂವು ಕರ್ಪೂರದ ವಾಸನೆ. ಅವರೆಲ್ಲ ಇಳಿದ ಮೇಲೆ ಸೀಟು ಸಿಕ್ಕಿತು. ಕೂತ ಮೇಲೆ ಫೋನು ಹೊಡೆದುಕೊಂಡಿತು. ಅಕ್ಕನಿರಬಹುದು ಎಂದು ಬ್ಯಾಗಿನಿಂದ ತೆಗೆದೆ. ಬೆರಳು ನೇರವಾಗಿ "ಉತ್ತರಿಸು" ಮೇಲೇ ಬಿತ್ತು. ಎತ್ತಿದರೆ ಯಾರೋ ಸೈಟು ಮಾರುವವರು. ನಾಲ್ಕು ದಿನದಲ್ಲಿ ನಾನು ಸರಿಯಾಗಿ ಎತ್ತಿದ ಕರೆ ಅದೊಂದೇ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಳೆ ಸದ್ದಾಯಿತು, ಮಾತು ಬರಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಮೇಲೆ ಕೂತೆ. ಅವಳು ನೀರು ತಂದು ಕೈಗೆ ಕೊಟ್ಟಳು.

"ಸಂದೇಸ ಕಳ್ಸಿದ್ದೀಯಲ್ಲ, ಏನು ವಿಸ್ಯ ಅಂತ. ಶುಕ್ರವಾರ ಇಸ್ಕೂಲಲ್ಲಿ ಎಡ್‌ಮೇಷ್ಟ್ರ ಕೈಲಿ ಓದುಸ್ಬೇಕಾಯ್ತು. ಅವ್ರ ಮುಂದೆ ಮಾನ ಓಯ್ತು" ಅಂದಳು.

"ಅದು ನಾನ್ ಕಳ್ಸಿದ್ದಲ್ಲ ಕಣಕ್ಕ. ಕೈ ತಪ್ಪಿ ಓಯ್ತು. ಪೋನ್ ಕೆಟ್ಟೋಗದೆ."

"ಏಳ್ ಸಲ ಕೈ ತಪ್ತದಾ?"

ಭಾವ ಅಲ್ಲೇ ಜಗಲಿಯ ಮೇಲಿದ್ದರು. "ಭಾವ, ನಿಮ್ ಪೋನಿಂದ ನಂಗೊಂದ್ ಕಾಲ್ ಮಾಡಿ. ಅಕ್ಕ, ಇಲ್ಲಿ ಪಕ್ಕಕ್ ಬಂದು ಕೂತ್ಕೊ. ನಾನ್ ಎಂಗ್ ಎತ್ತೀನಿ ನೋಡು" ಅಂದೆ. ಭಾವ ಮಾಡಿದರು. ಫೋನು ಹೊಡೆದುಕೊಂಡಿತು. ಎರಡು ಬೆರಳಿನಿಂದ ತಟ್ಟಿದೆ. ಬೆರಳಾಡಿಸಿದೆ. ಆ ದನಿ ಭಾವನ ಹೆಸರನ್ನು ಓದುತ್ತಲೇ ಇತ್ತು. ಕಟ್ಟಾಯಿತು. "ಇನ್ನೊಂದ್ ಸಲ ಮಾಡಿ ಭಾವ" ಅಂದೆ. "ಈಗ ನೀನೇ ಯೋಳಕ್ಕ, ಅಸ್ರು ಬಟನ್ ಎಲ್ಲದೆ? ನನ್ ಬೆಳ್ಳ ಇಡ್ಕೊಂಡು ಅದ್ರ ಮೇಲೆ ಇಡು."

ಅಕ್ಕ ನನ್ನ ತೋರುಬೆರಳು ಹಿಡಿದಳು. ಪರದೆಯ ಮೇಲೆ ಇಟ್ಟಳು. "ತಿರಸ್ಕರಿಸು" ಅಂದಿತು. ಇನ್ನೊಂದು ಕಡೆ ಇಟ್ಟಳು. ಅಲ್ಲಿ ಏನೂ ಇರಲಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅವಳ ಉಸಿರು ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳಿಸಿತು. ಫೋನನ್ನು ಮುಖದ ಹತ್ತಿರ ತಂದು, ಆಮೇಲೆ ದೂರ ಹಿಡಿದು ನೋಡುತ್ತಿದ್ದಾಳೆ ಎಂದು ತಿಳಿಯಿತು. ರಿಂಗು ನಿಂತಿತು.

"ಅಕ್ಕ?" ಅಂದೆ.

"ನಂಗೂ ತಿಳೀತಿಲ್ಲ ಕಣಮ್ಮಿ" ಅಂದಳು. "ಅಸ್ರು ಯಾವ್ದೋ ಕೆಂಪು ಯಾವ್ದೋ."

ಜಗಲಿಯಿಂದ ಭಾವ, "ಎತ್ಕೊಂತಾ?" ಎಂದು ಕೂಗಿದರು. ಅಕ್ಕ, "ಅಂಗ್ಡಿಗೋಗಿ ಹಾಲ್ ತಕ್ಕಬನ್ನಿ, ಕಾಪಿ ಮಾಡ್ತೀನಿ" ಅಂದಳು. ಅವರು ಗೇಟು ಹಾಕಿಕೊಂಡು ಹೋದ ಮೇಲೆ ಹೇಳಿದಳು.

ಆರು ತಿಂಗಳಿಂದ ಎಡಗಣ್ಣಿನಲ್ಲಿ ಹೊಗೆ ಕಟ್ಟಿದ ಹಾಗೆ ಆಗುತ್ತಿತ್ತಂತೆ. ಬಲಗಣ್ಣಿನ ನಡುವೆ ಒಂದು ಕಪ್ಪು ಚುಕ್ಕೆ. ಶಾಲೆಯಲ್ಲಿ ಅಕ್ಕಿ ಆರಿಸುವಾಗ ಕಲ್ಲು ಕಾಣುತ್ತಿರಲಿಲ್ಲ. ಒಂದು ಮಗು ಊಟದಲ್ಲಿ ಕಲ್ಲು ಕಚ್ಚಿ ಅತ್ತಿತ್ತು. ಕೆಲಸ ಹೋದೀತು ಎಂದು ಯಾರಿಗೂ ಹೇಳಿರಲಿಲ್ಲ, ಭಾವನಿಗೂ ಹೇಳಿರಲಿಲ್ಲ. ಆ ಗುರುವಾರ ಹೊಟ್ಟೆನೋವು ಎಂದು ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಒಬ್ಬಳೇ ಹೋಗಿದ್ದಳು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿನ್ನುತ್ತಿದೆ, ತಡ ಮಾಡಬೇಡ, ದೊಡ್ಡಾಸ್ಪತ್ರೆಗೆ ಹೋಗು ಅಂದರಂತೆ ಡಾಕ್ಟರು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತು ನನಗೆ ಮಾಡಿದ್ದಳು. ಏಳು ಸಲ.

"ಬ್ಯಾರೆ ಯಾರ್ನ ಕೇಳ್ಳಿ? ನಿಂಗೊಬ್ಳಿಗೇ ಗೊತ್ತಿರಾದು ಅಂತ ಮಾಡ್ದೆ" ಅಂದಳು.

"ಏನಕ್ಕ ಗೊತ್ತಿರಾದು?"

"ಕಣ್ಣು ಎಂಗ್ ಓಯ್ತದೆ ಅಂತ. ಒಂದೇ ಸಲಕ್ಕೆ ಓಯ್ತದಾ, ಇಲ್ಲ ವಸಿ ವಸಿನೇ ಓಯ್ತದಾ? ನೋವಾಯ್ತದಾ?"

ಕಣ್ಣು ಹೋದಾಗ ನನಗೆ ನಾಲ್ಕು ವರ್ಷ. ಜ್ವರ ಒಂದು ನೆನಪಿದೆ, ಬೇವಿನ ಸೊಪ್ಪಿನ ವಾಸನೆ ನೆನಪಿದೆ. ಹೋದದ್ದು ನೆನಪಿಲ್ಲ.

"ಓಗಾದು ನಂಗೆ ಗೊತ್ತಿಲ್ಲ ಕಣಕ್ಕ. ಇಲ್ದೆ ಎಂಗಿರಾದು ಅನ್ನಾದೊಂದೇ ಗೊತ್ತು" ಅಂದೆ.

ಅಕ್ಕ ಫೋನನ್ನು ನನ್ನ ಮಡಿಲಿಗೆ ಇಟ್ಟಳು. ಆಮೇಲೆ ಅತ್ತಳು. ಅವಳು ಅಳುವುದನ್ನು ನಾನು ಕೇಳಿದ್ದು ಕಡಿಮೆ. ನಮ್ಮವ್ವ ತೀರಿಕೊಂಡಾಗಲೂ ಓಡಾಡಿ ಎಲ್ಲರಿಗೂ ಕಾಫಿ ಕೊಟ್ಟವಳು. ನಾನು ಅವಳ ಬೆನ್ನು ಸವರುತ್ತಾ ಕೂತೆ. ಆ ಬೆಂಚಿನ ಮೇಲೆ ಅವಳು ಹೇಗೆ ಕೂತಿದ್ದಳೋ, ಒಂದೊಂದು ಸಲ ಕಟ್ಟಾದಾಗಲೂ ಏನು ಅಂದುಕೊಂಡಳೋ ಎಂಬುದು ಮನಸ್ಸಿಗೆ ಬಂದು ಕೂತಿತು. ಇಂದಿಗೂ ಎದ್ದು ಹೋಗಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ಎಲ್ಲೋ ಕೂತು ಫೋನಿನ ಒಳಗನ್ನು ಬದಲಾಯಿಸಿದವರಿಗೆ ನಾನೂ ಗೊತ್ತಿಲ್ಲ, ಅಕ್ಕನೂ ಗೊತ್ತಿಲ್ಲ.

ಭಾವ ಹಾಲು ತಂದ ಮೇಲೆ ಅವಳೇ ಅವರಿಗೆ ಹೇಳಿದಳು. ಅವರು, "ನನ್ ಕುಟೆ ಯೋಳಕ್ಕೇನಾಗಿತ್ತು ನಿಂಗೆ?" ಎಂದು ಒಂದು ಮಾತು ಕೇಳಿ ಎದ್ದು ಹೊರಗೆ ಹೋದರು.

ಮುಂದಿನ ವಾರ ನಾನು ರಜೆ ಹಾಕಿ ಅಕ್ಕನನ್ನು ಮಂಡ್ಯದ ಆಸ್ಪತ್ರೆಗೆ ಕರೆಸಿಕೊಂಡೆ. ಭಾವ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತರು. ಕಣ್ಣಿಗೆ ಹನಿ ಬಿಟ್ಟು ಮೂರು ಗಂಟೆ ಕೂರಿಸಿದರು. ಹನಿ ಬಿಟ್ಟ ಮೇಲೆ ಅಕ್ಕನಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ನೀರಿನ ಕಡೆಗೆ ಹೋಗಬೇಕು ಅಂದಳು. ಇಬ್ಬರೂ ಎದ್ದೆವು. ಅವಳು ನನ್ನ ಅಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೈ ಇಡ್ಕೊಬ್ಯಾಡಕ್ಕ. ಮೊಣಕೈ ಮೇಲೆ ಇಡ್ಕೊ. ಅರ್ಧ ಎಜ್ಜೆ ಇಂದ್ಕಿರು" ಅಂದೆ.

"ನಾನು ನಿನ್ನ ಅಂಗೈ ಇಡ್ಕೊಂಡೇ ಎಳ್ಕೊಂಡ್ ಓಯ್ತಿದ್ನಲ್ಲಮ್ಮಿ ಇಸ್ಕೂಲಿಗೆ."

"ಅದುಕ್ಕೇ ದಿನಾ ಎಡವ್ತಿದ್ದೆ ನಾನು."

ಅವಳು ನಕ್ಕಳು. ಆ ಕಾರಿಡಾರಿನಲ್ಲಿ ನನ್ನ ಕೋಲು ಮುಂದೆ, ಅವಳು ಹಿಂದೆ. ಯಾರೋ "ಪಾಪ" ಅಂದರು. ಅಕ್ಕ ತಿರುಗಿ ಏನೋ ಅನ್ನಲು ಹೋದಳು, ನಾನು ತಡೆದೆ. ನನಗೆ ಅದು ಅಭ್ಯಾಸವಾಗಿದೆ, ಅವಳಿಗೆ ಹೊಸದು.

ಇರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಅಂದರು ಡಾಕ್ಟರು. ಮೂರು ಸಲ ಲೇಸರ್ ಬಿಟ್ಟರು. ಬಲಗಣ್ಣಿನ ಚುಕ್ಕೆ ಬೆಳೆಯದೆ ಅಷ್ಟಕ್ಕೇ ನಿಂತಿತು, ಎಡಗಣ್ಣಿನ ಹೊಗೆ ಹಾಗೇ ಇದೆ. ಶಾಲೆಯ ಹೆಡ್‌ಮೇಷ್ಟ್ರಿಗೆ ಅಕ್ಕನೇ ಹೋಗಿ ಹೇಳಿದಳು. ಈಗ ಅಕ್ಕಿ ಆರಿಸುವುದು ಇನ್ನೊಬ್ಬ ಅಡುಗೆಯವರು, ಬೇಯಿಸುವುದು ಇವಳು. ಎಷ್ಟು ದಿನ ಹೀಗೆ ನಡೆಯುತ್ತದೋ ಅವಳಿಗೂ ಗೊತ್ತಿಲ್ಲ, ಹೆಡ್‌ಮೇಷ್ಟ್ರಿಗೂ ಗೊತ್ತಿಲ್ಲ.

ನಾನು ಭಾಯ್ ಅಂಗಡಿಗೆ ಮತ್ತೆ ಹೋಗಿ ಆ ಬಟನ್ ಫೋನನ್ನು ತಂದೆ. ಅದರ ನಂಬರು ಇರುವುದು ಅಕ್ಕ ಭಾವನ ಹತ್ತಿರ ಮಾತ್ರ. ಎಡಗಡೆಯ ಗುಂಡಿ ಒತ್ತಿದರೆ ಎತ್ತಿಕೊಳ್ಳುತ್ತದೆ, ಬೇರೆ ಏನೂ ಗೊತ್ತಿಲ್ಲ ಅದಕ್ಕೆ. ದೊಡ್ಡ ಫೋನಿನಲ್ಲಿ ಎರಡು ಬೆರಳಿನ ತಟ್ಟುವಿಕೆ ಸಂಕ್ರಾಂತಿಯ ಹೊತ್ತಿಗೆ ವಾಪಸ್ ಬಂತು. ಒಂದು ಬೆಳಿಗ್ಗೆ ಹಳೆಯ ಅಭ್ಯಾಸಕ್ಕೆ ತಟ್ಟಿದೆ, ಎತ್ತಿಕೊಂಡಿತು. ಯಾಕೆ ಹೋಗಿತ್ತು, ಯಾಕೆ ಬಂತು ಎಂದು ಯಾರೂ ಹೇಳಲಿಲ್ಲ. ಸಂತೋಷಪಡಬೇಕಿತ್ತು. ಮುಂದಿನ ಅಪ್‌ಡೇಟಿಗೆ ಮತ್ತೆ ಹೋಗಬಹುದು ಎಂದಷ್ಟೇ ಅನ್ನಿಸಿತು. ಎರಡು ಫೋನು ಹೊತ್ತುಕೊಂಡೇ ಓಡಾಡುತ್ತೇನೆ.

ಅಕ್ಕ ಈಗ ಸಂಜೆ ಫೋನು ಮಾಡಿ ಏನಾದರೊಂದು ಕೇಳುತ್ತಾಳೆ. ಸೀರೆಯ ಸೆರಗು ಯಾವ ಕಡೆ ಅಂತ ಹೇಗೆ ತಿಳಿದುಕೊಳ್ಳುತ್ತೀಯಾ, ಉಗುರು ಹೇಗೆ ಕತ್ತರಿಸಿಕೊಳ್ಳುತ್ತೀಯಾ, ಬಿಸಿನೀರು ಲೋಟಕ್ಕೆ ತುಂಬಿದ್ದು ಹೇಗೆ ಗೊತ್ತಾಗುತ್ತದೆ. ಹೇಳುತ್ತೇನೆ. ಕೆಲವು ಸಲ ನನಗೇ ಯೋಚಿಸಬೇಕಾಗುತ್ತದೆ, ಯಾಕೆಂದರೆ ಯಾರೂ ಇದುವರೆಗೆ ಕೇಳಿರಲಿಲ್ಲ. ಮೊನ್ನೆ ಏನೂ ಕೇಳಲಿಲ್ಲ. ಹಿಂದೆ ಟಿ.ವಿ. ಸದ್ದು, ಭಾವ ಕೆಮ್ಮುವ ಸದ್ದು. ಇಬ್ಬರಿಗೂ ದಿನದ ಕೆಲಸ ಮಾಡಿ ಸಾಕಾಗಿತ್ತು.

"ಇನ್ನೇನಕ್ಕ?" ಅಂದೆ.

"ಏನಿಲ್ಲ ಕಣಮ್ಮಿ. ಎತ್ತುದ್ಯಲ್ಲ, ಸಾಕು. ಇಡ್ತೀನಿ" ಅಂದಳು.